ಹದಿನಾಲ್ಕನೇ ನಿಮಿಷದ ಕೊಳಲು

ಮೊದಲೇ ಹೇಳಿಬಿಡುತ್ತೇನೆ, ನಾನು ಜಗಳಗಂಟ ಅಲ್ಲ. ಎದುರಿಗಿರುವವರು ತಪ್ಪು ಮಾತಾಡಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ, ಅಷ್ಟೇ. ನಮ್ಮೂರಲ್ಲಿ ಎದುರಿಗಿರುವವರು ಯಾವಾಗಲೂ ತಪ್ಪೇ ಮಾತಾಡುತ್ತಾರೆ, ಅದಕ್ಕೆ ನಾನೇನು ಮಾಡಲಿ?

ನಮ್ಮೂರಲ್ಲಿ ಒಂದು ರೆಕಾರ್ಡು ಒಬ್ಬ ಮನುಷ್ಯನಿಗೆ ಒಂದೇ ಸಲ ಕೇಳಿಸುತ್ತದೆ. ಎರಡನೇ ಸಲ ಹಾಕಿದರೆ ತಟ್ಟೆ ತಿರುಗುತ್ತದೆ, ಸೂಜಿ ಕೂತಿರುತ್ತದೆ, ಕಿವಿಗೆ ಬರೀ ಚರ್ ಚರ್. ಪಕ್ಕದಲ್ಲಿ ಮೊದಲ ಸಲ ಕೇಳುವವನಿದ್ದರೆ ಅವನು ತಲೆ ಆಡಿಸುತ್ತಿರುತ್ತಾನೆ, ನೀವು ಅವನ ಮುಖ ನೋಡಿಕೊಂಡು ಕೂತಿರಬೇಕು. ಬಾಯಲ್ಲಿ ಹಾಡಿದ್ದು ಎಷ್ಟು ಸಲ ಬೇಕಾದರೂ ಕೇಳುತ್ತದೆ, ದೇವರು ದೊಡ್ಡವನು. ಇದು ರೆಕಾರ್ಡಿಗೆ ಮಾತ್ರ ಇರುವ ಕಾಟ. ಯಾಕೆ ಹೀಗೆ ಅಂತ ಕೇಳಬೇಡಿ. ನಿಮ್ಮೂರಲ್ಲಿ ನೀರು ಯಾಕೆ ಇಳಿಜಾರಿಗೇ ಹರಿಯುತ್ತೆ ಅಂತ ನಾನು ಕೇಳಿದ್ದೀನಾ?

ಹಾಗಾಗಿ ಮನೆಗೆ ಬಂದವರನ್ನು ‘ಊಟ ಆಯ್ತಾ?’ ಅಂತ ಕೇಳಿದ ಮೇಲೆ, ರೆಕಾರ್ಡಿನ ಕಡೆ ಕೈ ತೋರಿಸಿ ‘ಇದು ಆಯ್ತಾ?’ ಅಂತಲೂ ಕೇಳುವುದು ನಮ್ಮಲ್ಲಿ ಮರ್ಯಾದೆ. ಆಗಿಲ್ಲ ಅನ್ನುವವರು ಒಳಗೆ ಕೂರುತ್ತಾರೆ, ಆಗಿದೆ ಅನ್ನುವವರು ಜಗಲಿಗೆ ಹೋಗಿ ಎಲೆ ಅಡಿಕೆ ಹಾಕುತ್ತಾರೆ. ಮದುವೆಮನೆಯಲ್ಲಿ ಓಲಗದ ರೆಕಾರ್ಡು ಹಾಕಿದಾಗ ಗಂಡಿನ ಕಡೆಯವರಿಗೆ ಕೇಳಿಸದೆ ಹೆಣ್ಣಿನ ಕಡೆಯವರಿಗೆ ಮಾತ್ರ ಕೇಳಿಸಿ, ಮುಹೂರ್ತದ ಹೊತ್ತಿಗೆ ಅರ್ಧ ಚಪ್ಪರ ಅಕ್ಷತೆ ಎರಚಿ ಇನ್ನರ್ಧ ಪಾನಕ ಕುಡಿಯುತ್ತಾ ಕೂತದ್ದೂ ಉಂಟು. ಆಗದಿದ್ದದ್ದನ್ನು ಆಗಿದೆ ಅನ್ನುವುದು, ಆಗಿದ್ದನ್ನು ಆಗಿಲ್ಲ ಅನ್ನುವುದು, ಎರಡೂ ನಮ್ಮಲ್ಲಿ ಎಂಜಲು ಬಡಿಸಿದ ಹಾಗೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಕುತ್ತಿಗೆಗೇ ಬರುತ್ತದೆ.

ಇಂಥ ಊರಲ್ಲಿ ಮೂರು ನಿಮಿಷದ ಹಾಡಿಗೆ ಯಾರು ಕಿವಿ ಕೊಡುತ್ತಾರೆ? ಜನ್ಮದಲ್ಲಿ ಒಂದೇ ಸಲ ಬಡಿಸುವ ಊಟವಾದರೆ ಹಬ್ಬದೂಟವೇ ಬೇಕು. ಹಳೇ ಪೇಟೆಯ ಗುಜರಿ ಅಂಗಡಿಗೆ ಎಲ್ಲಿಂದಲೋ ಒಂದು ಮರದ ಪೆಟ್ಟಿಗೆ ತುಂಬಾ ಪ್ರೋಗ್ರೆಸಿವ್ ರಾಕ್ ರೆಕಾರ್ಡುಗಳು ಬಂದಾಗ ಊರಿಗೆ ಊರೇ ಮುಗಿಬಿತ್ತು. ಒಂದು ಬದಿಗೆ ಒಂದೇ ಹಾಡು! ನಡುವೆ ತಾಳ ಏಳು ಸಲ ಬದಲಾಗುತ್ತದೆ, ಗಿಟಾರಿನವನು ಎಲ್ಲೋ ಹತ್ತಿ ಇನ್ನೆಲ್ಲೋ ಇಳಿಯುತ್ತಾನೆ, ಹಾಡುವವನು ಹತ್ತು ನಿಮಿಷ ನಾಪತ್ತೆ. ಅರ್ಥ ಯಾರಿಗೂ ಆಗಲಿಲ್ಲ. ಆದರೆ ವಾದ ಮಾಡಲು ಜೀವಮಾನಕ್ಕಾಗುವಷ್ಟು ಸರಕು ಸಿಕ್ಕಿತು. ಮತ್ತೆ ಹಾಕಿ ಪರೀಕ್ಷೆ ಮಾಡುವ ಹಾಗಿಲ್ಲವಲ್ಲ, ಯಾರ ಗಂಟಲು ದೊಡ್ಡದೋ ಅವರ ನೆನಪೇ ಸರಿ.

ದೊಡ್ಡ ಕಂಪನಿಗಳು ನಮ್ಮೂರ ಕಡೆ ತಲೆ ಹಾಕುವುದಿಲ್ಲ. ಒಂದು ತಟ್ಟೆ ಬಂದರೆ ಮನೆಯಿಂದ ಮನೆಗೆ ಹೋಗಿ ಇಡೀ ಊರಿಗೆ ಸಾಕಾಗುತ್ತದೆ, ಅವರಿಗೇನು ಗಿಟ್ಟುತ್ತದೆ? ಅದಕ್ಕೇ ನಮ್ಮ ತಿಪ್ಪೇಸ್ವಾಮಿ, ಈಗ ಅವನಿಲ್ಲ, ತನ್ನ ತಾಯಿಯ ಹಪ್ಪಳ ಒತ್ತುವ ಯಂತ್ರವನ್ನು ಬಿಚ್ಚಿ ಕಟ್ಟಿ ರೆಕಾರ್ಡು ಒತ್ತುವ ಹಾಗೆ ಮಾಡಿ, ‘ಮಣೆ ರೆಕಾರ್ಡ್ಸ್’ ಅಂತ ಸ್ವಂತ ಲೇಬಲ್ ಶುರುಮಾಡಿದ. ಅದರಿಂದ ಹೊರಬಂದ ಆಲ್ಬಂ ಒಂದೇ. ನಮ್ಮೂರಿನದೇ ನಾಲ್ಕು ಜನರ ಬ್ಯಾಂಡು ‘ಎಂಟನೇ ವಾರ’, ಆಲ್ಬಮ್ಮಿನ ಹೆಸರು ‘ಕುದುರೆ ಇಳಿದ ಮೆಟ್ಟಿಲು’. ಹನ್ನೊಂದು ಪ್ರತಿ ಒತ್ತಿದ. ಹತ್ತು ಪ್ರತಿ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಅಂಚು ಎತ್ತಿಕೊಂಡವು. ಉಳಿದದ್ದು ಒಂದು. ಇಪ್ಪತ್ತಾರು ವರ್ಷದ ಹಿಂದೆ ಒಂದು ಭಾನುವಾರ ಹೆಣ್ಣುಮಕ್ಕಳ ಶಾಲೆಯ ಸಭಾಂಗಣದಲ್ಲಿ ಊರೆಲ್ಲ ಸೇರಿ ಆ ಒಂದನ್ನು ಕೇಳಿತು. ಅದಾದ ತಿಂಗಳಿಗೇ ಬ್ಯಾಂಡಿನ ನಾಲ್ವರೂ ಕಿತ್ತಾಡಿಕೊಂಡು ನಾಲ್ಕು ದಿಕ್ಕಿಗೆ ಹೋದರು.

ಈ ಆಲ್ಬಮ್ಮಿನ ಮೇಲೆ ವಾದ ಮಾಡಲೆಂದೇ ನಮ್ಮ ಶುಕ್ರವಾರದ ಸಂಘ ಹುಟ್ಟಿದ್ದು. ಜಿನದತ್ತನ ಹಿಟ್ಟಿನ ಗಿರಣಿಯ ಅಟ್ಟದ ಮೇಲೆ, ಶುಕ್ರವಾರ ಗಿರಣಿಗೆ ರಜೆ, ಸಂಜೆ ನಾಲ್ಕಕ್ಕೆ ಸರಿಯಾಗಿ ಸೇರುತ್ತೇವೆ. ಜಿನದತ್ತ ನನ್ನ ಬಾಲ್ಯದ ಗೆಳೆಯ, ಹಾಗಾಗಿ ನನ್ನ ಮೊದಲನೇ ಶತ್ರು. ಅವನದು ಸೈಡ್ ಒಂದರ ಪಕ್ಷ. ಆ ಡ್ರಮ್ಮು, ಆ ಓಟ, ಅದರ ಮುಂದೆ ಇನ್ನೇನೂ ಇಲ್ಲ ಅನ್ನುತ್ತಾನೆ. ನನ್ನದು ಸೈಡ್ ಎರಡು. ಇಪ್ಪತ್ಮೂರು ನಿಮಿಷದ ಒಂದೇ ಹಾಡು, ಅದರ ಹದಿನಾಲ್ಕನೇ ನಿಮಿಷದಲ್ಲಿ ಎಲ್ಲ ವಾದ್ಯವೂ ನಿಂತು ಬರುವ ಕೊಳಲು! ಆ ಕೊಳಲಿನ ಬಗ್ಗೆ ನಾನು ಮಾತಾಡಲು ನಿಂತರೆ ಪೋಸ್ಟ್ ಮಾಸ್ಟರ್ ಹೊನ್ನಪ್ಪನವರು ಕಣ್ಣು ಮುಚ್ಚಿ ‘ಆಹಾ’ ಅನ್ನುತ್ತಾರೆ. ಒಂದು ಸಲ ಕಾಲೇಜು ಹುಡುಗಿಯೊಬ್ಬಳು ಆ ತಟ್ಟೆ ಕೇಳಿ ಬಂದು ‘ಅಂಕಲ್, ಕೊಳಲು ಎಲ್ಲಿ ಬಂತು?’ ಅಂದಳು. ‘ನಿನ್ನ ಕಿವಿ ಇನ್ನೂ ಮಾಗಿಲ್ಲಮ್ಮ’ ಅಂತ ನಾನೇ ಸಮಾಧಾನ ಹೇಳಿ ಕಳಿಸಿದೆ.

ಇನ್ನೊಂದು ವಾದ ಮಣೆ ರೆಕಾರ್ಡ್ಸ್ ನಿಜವಾಗಿ ಸ್ವತಂತ್ರ ಲೇಬಲ್ಲೇ ಅಲ್ಲವೇ ಅಂತ. ಅದರ ಕವರಿನ ಹಿಂಭಾಗದಲ್ಲಿ ನುಡಿಸಿದವರ ಹೆಸರು ಹಾಕಬೇಕಾದ ಜಾಗದಲ್ಲಿ ತಿಪ್ಪೇಸ್ವಾಮಿ ತಾಯಿಯ ಹಪ್ಪಳದ ಜಾಹೀರಾತಿದೆ.

“ಜಾಹೀರಾತು ಹಾಕಿದ ಮೇಲೆ ಸ್ವತಂತ್ರ ಎಲ್ಲಿಂದ ಬಂತು?” ಅನ್ನುತ್ತಾನೆ ಜಿನದತ್ತ. “ಹಪ್ಪಳಕ್ಕೆ ಮಾರ್ಕೊಂಡ ಲೇಬಲ್ಲು ಅದು.”

“ಲೇ, ಅಮ್ಮನ ಹಪ್ಪಳ ಕಣೋ! ಹೆತ್ತ ತಾಯಿ ಏನು ಕಂಪನಿಯಾ?” ಅನ್ನುತ್ತೇನೆ ನಾನು.

“ಹೆತ್ತ ತಾಯಿಗಿಂತ ದೊಡ್ಡ ಕಂಪನಿ ಯಾವುದಿದೆ? ಕೇಳಿದ್ದೆಲ್ಲ ಕೊಡ್ಬೇಕು, ಎದುರು ಮಾತಾಡೋ ಹಾಗಿಲ್ಲ.”

ನಮ್ಮಿಬ್ಬರ ದನಿ ತಾರಕಕ್ಕೆ ಹೋದಾಗ ‘ಮುಗೀತಾ?’ ಅಂತ ಒಂದು ಮಾತು ಕೇಳುತ್ತದೆ. ಅದು ಎಸ್ತರ್ ಟೀಚರ್. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಾರೆ. ಆ ಒಂದೇ ತಟ್ಟೆ ಇರುವುದು ಅವರ ಬೀರುವಿನಲ್ಲಿ, ಹೊಸದಾಗಿ ಕೇಳುವವರಿಗೆ ಹಾಕುವುದೂ ಅವರೇ, ಸಂಘದ ಅಧ್ಯಕ್ಷರೂ ಅವರೇ. ನಮ್ಮನ್ನೆಲ್ಲ ಸುಮ್ಮನಾಗಿಸಲು ಬೇರೆ ಯಾರಿಂದಲೂ ಆಗದ ಕಾರಣ ಆ ಪದವಿ ಅವರಿಗೆ ಬಂತು. ಯಾವಾಗಲೂ ಕೈಯಲ್ಲೊಂದು ರವಿಕೆ, ತುಟಿಯ ನಡುವೆ ನಾಲ್ಕು ಗುಂಡುಪಿನ್ನು. ಹೊಲಿಯುವಾಗ ಬಾಯಿ ಮುಚ್ಚಿಕೊಂಡೇ ಏನೋ ಗುನುಗುತ್ತಿರುತ್ತಾರೆ, ಅದು ನಮಗೆ ಫ್ಯಾನಿನ ಸದ್ದಿನ ಹಾಗೆ ಒಗ್ಗಿಹೋಗಿದೆ. ಸೈಡ್ ಒಂದೋ ಎರಡೋ ಅಂತ ಇವತ್ತಿನವರೆಗೂ ಬಾಯಿ ಬಿಟ್ಟು ಹೇಳಿದವರಲ್ಲ. ನಾನು ಕೊಳಲಿನ ವಿಷಯ ತೆಗೆದರೆ ಸಾಕು, ಬಗ್ಗಿ ನೆಲದ ಮೇಲೆ ಬಿದ್ದ ಪಿನ್ನು ಹುಡುಕಲು ಶುರುಮಾಡುತ್ತಾರೆ.

ಈಗ ನನ್ನ ಗುಟ್ಟು ಹೇಳುತ್ತೇನೆ. ಆ ಆಲ್ಬಮ್ಮನ್ನು ನಾನು ಕೇಳಿಯೇ ಇರಲಿಲ್ಲ.

ಆ ಭಾನುವಾರ ನಾನು ಪಕ್ಕದೂರಿಗೆ ಹೆಣ್ಣು ನೋಡಲು ಹೋಗಿದ್ದೆ. ಯಾರಿಗೂ ಹೇಳಿರಲಿಲ್ಲ, ಹೆಣ್ಣಿನವರು ಬೇಡ ಅಂದರೆ ನಗೆಪಾಟಲು ಅಂತ. ಶುಕ್ರವಾರ ಗಿರಣಿಗೆ ಹೋದಾಗ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ನನ್ನದು ಇನ್ನೂ ಆಗಿಲ್ಲ ಕಣ್ರೋ ಅಂತ ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಜಿನದತ್ತ ದೊಡ್ಡ ಪಂಡಿತನ ಹಾಗೆ ‘ಸೈಡ್ ಒಂದೇ ಮೇಲು’ ಅಂದ. ಆ ಮುಖ ನೋಡಿ ಮೈ ಉರಿದುಹೋಯಿತು. ‘ಸೈಡ್ ಎರಡು!’ ಅಂದುಬಿಟ್ಟೆ. ‘ಏನಿದೆ ಅದರಲ್ಲಿ?’ ಅಂದ. ‘ಕೊಳಲು! ಹದಿನಾಲ್ಕನೇ ನಿಮಿಷದಲ್ಲಿ ಬರುತ್ತಲ್ಲ, ಆ ಕೊಳಲು!’ ಅಂದೆ. ಹದಿನಾಲ್ಕು ಯಾಕೆ ಬಂತೋ ದೇವರಿಗೇ ಗೊತ್ತು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಹೊನ್ನಪ್ಪನವರು ಕಣ್ಣು ಮುಚ್ಚಿ, “ಹೌದು ಕಣಯ್ಯಾ, ಕೊಳಲು” ಅಂದರು. ಅಲ್ಲಿಗೆ ನಾನು ಸಿಕ್ಕಿಬಿದ್ದೆ. ಆಮೇಲೆ ಆ ತಟ್ಟೆ ಕೇಳಬೇಕಾದರೆ ಎಸ್ತರ್ ಟೀಚರ ಬಾಗಿಲಲ್ಲಿ ನಿಂತು ನನ್ನದು ಆಗಿಲ್ಲ ಅನ್ನಬೇಕು. ಯಾವ ಮುಖ ಇಟ್ಟುಕೊಂಡು ಹೋಗಲಿ? ಇಪ್ಪತ್ತಾರು ವರ್ಷ ಊರಿಗೆಲ್ಲ ಕನ್ನಡಕ ಮಾರಿದ ಈ ಫಾಲಾಕ್ಷ, ಕಾಣದ ಕೊಳಲನ್ನು ಎಲ್ಲರಿಗೂ ಕಾಣಿಸುತ್ತಾ ಕೂತ.

ಇದು ಗೊತ್ತಿದ್ದದ್ದು ಒಬ್ಬಳಿಗೇ. ಆ ಭಾನುವಾರ ನಾನು ನೋಡಿದ ಹೆಣ್ಣು, ನನ್ನ ಹೆಂಡತಿ ರತ್ನಾವತಿ.

ಹೋದ ಮಾಘದಲ್ಲಿ ಒಂದು ಬೆಳಗ್ಗೆ ಜಿನದತ್ತ ನನ್ನ ಅಂಗಡಿಗೆ ಬಂದ. ಕನ್ನಡಕ ಸರಿಮಾಡಿಸಲು ಬಂದನೇನೋ ಅಂದುಕೊಂಡೆ. ನಾನು ಮಾತಾಡುವಾಗ ನನ್ನ ಬಾಯನ್ನೇ ನೋಡುತ್ತಿದ್ದ. ಏನೋ ಅದು ಅಂದರೆ, ಸ್ಟೂಲ್ ಎಳೆದುಕೊಂಡು ಕೂತ.

“ಕಿವಿ ಹೋಗ್ತಿದೆ ಕಣೋ. ಮೂವತ್ತು ವರ್ಷ ಗಿರಣಿ ಸದ್ದು. ಬಲಗಿವಿ ಆಗ್ಲೇ ಮುಚ್ಕೊಂಡಿದೆ. ಎಡಗಿವಿ ಯುಗಾದಿವರೆಗೂ ಇದ್ರೆ ಹೆಚ್ಚು ಅಂದ್ರು ಡಾಕ್ಟರು.”

ನನ್ನ ಜೊತೆ ವಾದ ಮಾಡುವ ಕಿವಿ ಅದು. ಅದೇ ಹೋದರೆ ನಾನು ಯಾರ ಹತ್ತಿರ ಕೂಗಾಡಲಿ?

“ಇನ್ನೊಂದು ವಿಷಯ ಹೇಳ್ತೀನಿ, ಕೂಗಬೇಡ” ಅಂದ. “ಕುದುರೆ ಇಳಿದ ಮೆಟ್ಟಿಲು ಇದೆಯಲ್ಲ. ನಂದು ಆಗಿಲ್ಲ.”

“ಏನಂದೆ?”

“ಆವತ್ತು ಗಿರಣಿ ಬೆಲ್ಟು ಕಿತ್ಹೋಗಿತ್ತು. ನಾಲ್ಕು ಮೂಟೆ ಗೋಧಿ ಬಾಕಿ. ಬರೋಕಾಗ್ಲಿಲ್ಲ. ಶುಕ್ರವಾರ ಎಲ್ಲರೂ ಮಾತಾಡ್ತಿದ್ರು, ನಾನೂ ಏನೋ ಒಂದು ಅನ್ಬೇಕಲ್ಲ, ಸೈಡ್ ಒಂದು ಅಂದೆ. ನೀನು ಮೈಮೇಲೆ ಬಿದ್ದೆ. ಆಮೇಲೆ ನೀನು ಏನೇನು ಹೊಗಳಿದ್ಯೋ ಅದಕ್ಕೆಲ್ಲ ಉಲ್ಟಾ ಹೇಳ್ಕೊಂಡು ಬಂದೆ, ಅಷ್ಟೇ.”

ಅಯ್ಯೋ ಶಿವನೇ! ನಾನು ಕೊಳಲು ಬಿಟ್ಟು ಮಿಕ್ಕದ್ದೆಲ್ಲ ಕಟ್ಟಿದ್ದು ಅವನು ಹೇಳಿದ್ದಕ್ಕೆ ಉಲ್ಟಾ ಹೇಳಿಯೇ. ಅಂದರೆ ಇಪ್ಪತ್ತಾರು ವರ್ಷ ನಮ್ಮಿಬ್ಬರ ಜಗಳದಲ್ಲಿ ಆ ಆಲ್ಬಂ ಇರಲೇ ಇಲ್ಲ. ಆ ಕ್ಷಣಕ್ಕೆ ನನ್ನದೂ ಹಾಗೇ ಕಣೋ ಅಂದುಬಿಡಬೇಕಿತ್ತು. ಅನ್ನಲಿಲ್ಲ. ಎದ್ದು ನಿಂತು ಗರ್ಜಿಸಿದೆ.

“ಥೂ! ಕೇಳದೇನೇ ಇಷ್ಟು ವರ್ಷ ವಾದ ಮಾಡಿದ್ಯಾ? ನಾಚಿಕೆ ಆಗ್ಲಿಲ್ವಾ ನಿಂಗೆ?”

ಅವನು ತಲೆ ತಗ್ಗಿಸಿದ. “ಆಗುತ್ತೆ. ಅದಕ್ಕೇ ಟೀಚರಿಗೆ ಎಲ್ಲ ಹೇಳಿ ಬಂದೆ. ಕಿವಿ ಹೋಗೋಕೆ ಮುಂಚೆ ಒಂದ್ಸಲ ಕೇಳ್ಬೇಕು. ಎಲ್ಲಕ್ಕಿಂತ ಆ ನಿನ್ನ ಕೊಳಲು ಕೇಳ್ಬೇಕು.”

ಅವನು ಹೋದ ಮೇಲೆ ಒಳಗಿನಿಂದ ರತ್ನಾವತಿ ಕಾಫಿ ಲೋಟ ತಂದು ಕುಕ್ಕಿದಳು. “ಬೇರೆಯವರಿಗೆ ನಾಚಿಕೆ ಇಲ್ವಾ ಅಂತ ಕೇಳಿದ್ರಲ್ಲ, ಅದಕ್ಕೂ ಧೈರ್ಯ ಬೇಕು ಬಿಡಿ. ಆವತ್ತು ನಮ್ಮನೇಲಿ ಉಪ್ಪಿಟ್ಟು ತಿಂತಾ ಕೂತಿದ್ದೋರು ಯಾರೋ!”

ಒಂದು ವಾರ ಊರೆಲ್ಲ ಜಿನದತ್ತನನ್ನು ಆಡಿಕೊಂಡಿತು. ಹಿಟ್ಟು ಬೀಸಿಸಲು ಬಂದವರೆಲ್ಲ ‘ಜಿನದತ್ತಣ್ಣ, ಈ ರಾಗಿ ಆಯ್ತಾ, ಇನ್ನೂ ಆಗಿಲ್ವಾ?’ ಅಂತ ಕಿಚಾಯಿಸಿದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಎಸ್ತರ್ ಟೀಚರ್ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಗೀರೆಲ್ಲ ಸವೆದಿದೆ, ಇನ್ನೊಂದು ಸಲ ಸೂಜಿ ತಡೆದುಕೊಂಡರೆ ಪುಣ್ಯ ಅಂದರು. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಹೊಲಿಗೆ ಕೋಣೆಯಲ್ಲಿ ಅಂತ ನಿಗದಿಯಾಯಿತು. ಕೇಳುವವನು ನಡುವೆ ಏಳಬಾರದು, ತಟ್ಟೆ ತಿರುವಿ ಹಾಕಲು ‘ಆಗಿರುವ’ ಒಬ್ಬರು ಒಳಗಿರಬೇಕು ಅನ್ನುವುದು ನಮ್ಮ ಪದ್ಧತಿ. ಅದು ಟೀಚರ ಕೆಲಸ. ಆದರೆ ಜಿನದತ್ತ ಒಂದೇ ಹಟ ಹಿಡಿದ. ಫಾಲಾಕ್ಷನೇ ಬೇಕು. ಇಷ್ಟು ವರ್ಷ ನನ್ನ ಕಿವಿಯಲ್ಲಿ ಕೂಗಿದವನು, ಕಿವಿ ಹೋಗುವಾಗ ಜೊತೆಗಿರಲಿ ಅಂದ.

ನಾನು ಬೆನ್ನು ನೋವು ಅಂದೆ. ಅಂಗಡಿ ಬಿಡಲು ಆಗಲ್ಲ ಅಂದೆ. ಭಾನುವಾರ ಅಂಗಡಿ ಇಲ್ಲ ಅಂತ ರತ್ನಾವತಿಯೇ ಎಲ್ಲರ ಮುಂದೆ ಹೇಳಿದಳು. ಕೊನೆಗೆ ಒಪ್ಪಿದೆ. ನನ್ನದು ಆಗಿಲ್ಲವಲ್ಲ! ಒಳಗೆ ಕೂತರೆ ನನಗೆಲ್ಲ ಕೇಳಿಸುತ್ತದೆ. ಮುಖದಲ್ಲಿ ಒಂದು ಗೆರೆ ಅಲುಗಿದರೂ ಕಿಟಕಿಯಲ್ಲಿ ನಿಂತ ಇಡೀ ಸಂಘಕ್ಕೆ ಗೊತ್ತಾಗಿಬಿಡುತ್ತದೆ. ಕೇಳಿದವರಿಗೆ ಕೇಳುವವರ ಮುಖ ನೋಡುವುದೇ ಉಳಿದಿರುವ ಸುಖ, ಅವರ ಕಣ್ಣು ತಪ್ಪಿಸುವುದು ಆಗದ ಮಾತು. ಸಿಕ್ಕಿಬಿದ್ದರೆ ಅಟ್ಟದ ಮೇಲಿನ ನನ್ನ ಜಾಗ ಹೋಯಿತು, ಮಾನವೂ ಹೋಯಿತು.

ಭಾನುವಾರ ಬಂತು. ಒಳಗೆ ನಾವಿಬ್ಬರೇ. ಜಿನದತ್ತ ಮಗಳ ಮದುವೆಗೆ ಹೊಲಿಸಿದ ಕೋಟು ಹಾಕಿಕೊಂಡು ಬಂದು, ಎಡಗಿವಿಯನ್ನು ರೆಕಾರ್ಡು ಹಾಕುವ ಪೆಟ್ಟಿಗೆಯ ಕಡೆ ತಿರುಗಿಸಿ ಕೂತಿದ್ದ. ಹೊರಗೆ ಕಿಟಕಿಯ ಸರಳಿಗೆ ಆತುಕೊಂಡು ಹೊನ್ನಪ್ಪನವರು, ಸಂಘದ ಮಿಕ್ಕವರು, ಹಿಂದೆ ರತ್ನಾವತಿ. ಬಾಗಿಲ ಪಕ್ಕ ರವಿಕೆ ಪಿನ್ನು ಸಮೇತ ಎಸ್ತರ್ ಟೀಚರ್. ಸೂಜಿ ಇಟ್ಟೆ.

ಮೊದಲ ಪೆಟ್ಟಿಗೇ ನನ್ನ ಎದೆ ಧಸಕ್ಕೆಂದಿತು. ಎಂಥ ಡ್ರಮ್ಮು ಸ್ವಾಮಿ ಅದು! ಓಡುತ್ತದೆ, ಎಡವುತ್ತದೆ, ಎಡವಿದ್ದೇ ಒಂದು ಹೊಸ ತಾಳವಾಗುತ್ತದೆ. ನನ್ನ ಬಲಗಾಲು ತಾನಾಗಿಯೇ ಕುಣಿಯಲು ಶುರುಮಾಡಿತು, ಎಡಗಾಲಿನಿಂದ ಅದನ್ನು ತುಳಿದು ಹಿಡಿದೆ. ಮನಸ್ಸಿನಲ್ಲಿ ಮೈನಸ್ ಒಂದೂವರೆ, ಮೈನಸ್ ಎರಡೂಕಾಲು ಅಂತ ಗಿರಾಕಿಗಳ ಕನ್ನಡಕದ ನಂಬರು ಹೇಳಿಕೊಳ್ಳುತ್ತಾ ಗೋಡೆಯ ಮೇಲಿನ ಲಂಗದ ಅಳತೆಯ ಚಾರ್ಟನ್ನೇ ನೋಡುತ್ತಾ ಕೂತೆ. ನಗು ಬರುತ್ತಿದೆ, ಅಳು ಬರುತ್ತಿದೆ, ಮುಖ ಮಾತ್ರ ರೇಷನ್ ಕಾರ್ಡಿನ ಫೋಟೋ. ಜಿನದತ್ತ ತೊಡೆ ತಟ್ಟಿ ತಟ್ಟಿ ನಗುತ್ತಿದ್ದ. “ನೋಡ್ದಾ? ನಾನು ಹೇಳಿರ್ಲಿಲ್ವಾ? ಸೈಡ್ ಒಂದು!” ಅಂತ ಕಿವುಡರ ದೊಡ್ಡ ದನಿಯಲ್ಲಿ ಕೂಗಿದ. ಕೇಳದೇ ಹೇಳಿದ್ದು ಸರಿಯಾಗಿಬಿಟ್ಟಿತ್ತು ಆ ಪಾಪಿಗೆ. ಸೈಡ್ ಒಂದನ್ನು ನಾನು ಇಪ್ಪತ್ತಾರು ವರ್ಷ ಬೈದಿದ್ದೆ.

ತಿರುವಿ ಹಾಕಿದೆ. ಸೈಡ್ ಎರಡು ಚೆನ್ನಾಗಿಯೇ ಇತ್ತು, ಆದರೆ ಉದ್ದ. ಹತ್ತನೇ ನಿಮಿಷಕ್ಕೆ ಗಿಟಾರಿನವನು ದಾರಿ ತಪ್ಪಿದ್ದು ನನಗೇ ಗೊತ್ತಾಯಿತು. ಗೋಡೆ ಗಡಿಯಾರ ನೋಡುತ್ತಿದ್ದೆ. ಹದಿನಾಲ್ಕನೇ ನಿಮಿಷ ಹತ್ತಿರ ಬಂತು. ಒಂದೊಂದಾಗಿ ವಾದ್ಯಗಳು ನಿಂತವು. ನಿಜವಾಗಿಯೂ ನಿಂತವು! ನಾನು ಬಾಯಿಗೆ ಬಂದಂತೆ ಹೇಳಿದ್ದು ನಿಜವಾಗುತ್ತಿದೆ ಅಂತ ಮೈ ಜುಮ್ಮೆಂದಿತು. ಬಂತು. ಕೊಳಲಲ್ಲ.

ಒಬ್ಬ ಹೆಂಗಸಿನ ದನಿ. ಮಾತಿಲ್ಲ, ಬಾಯಿ ಮುಚ್ಚಿದ ಗುನುಗು. ಸಣ್ಣಗೆ, ಎಳೆ ಎಳೆಯಾಗಿ, ಆ ಗಲಾಟೆಯೆಲ್ಲ ಮುಗಿದ ಮೇಲೆ ಮನೆಯಲ್ಲಿ ಒಬ್ಬರೇ ಉಳಿದವರು ತಮ್ಮಷ್ಟಕ್ಕೆ ಗುನುಗಿಕೊಳ್ಳುವ ಹಾಗೆ.

ಜಿನದತ್ತನ ನಗು ನಿಂತಿತ್ತು. ಎಡಗಿವಿಯ ಹಿಂದೆ ಅಂಗೈ ಇಟ್ಟುಕೊಂಡು ಮುಂದೆ ಬಾಗಿದ. ಡ್ರಮ್ಮು ಕೇಳಿದ ಕಿವಿಗೆ ಈ ಸಣ್ಣ ದನಿ ಹತ್ತುತ್ತಿರಲಿಲ್ಲ. ನನ್ನ ತೋಳು ಹಿಡಿದುಕೊಂಡ.

“ನಿಂಗೆ ಈಗ ಕೇಳಲ್ಲ ಅಂತ ಗೊತ್ತು ಕಣೋ. ಆದ್ರೆ ನೆನಪಿದೆಯಲ್ಲ. ನೆನಪಿಂದ ಹೇಳು. ಈಗ ಬರ್ತಿರೋದು ಕೊಳಲು, ಅಲ್ವಾ?”

ಹೌದು ಅಂದರೆ ಮುಗಿಯಿತು. ನನ್ನ ಗುಟ್ಟು ನನ್ನ ಹತ್ತಿರವೇ ಇರುತ್ತಿತ್ತು, ನನ್ನ ಜಾಗ ನನಗಿರುತ್ತಿತ್ತು, ಕಿಟಕಿಯಲ್ಲಿರುವ ಒಬ್ಬರಿಗೂ ಅನುಮಾನ ಬರುತ್ತಿರಲಿಲ್ಲ. ಯುಗಾದಿಯ ಹೊತ್ತಿಗೆ ಇವನ ಕಿವಿ ಪೂರ್ತಿ ಮುಚ್ಚಿದ ಮೇಲೆ, ಒಳಗೆ ನನ್ನ ಸುಳ್ಳು ಕೊಳಲೊಂದು ಉಳಿದುಕೊಳ್ಳುತ್ತಿತ್ತು. ಅವನು ನನ್ನ ಬಾಯನ್ನೇ ನೋಡುತ್ತಿದ್ದ. ಐದನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂತವನು. ನನ್ನ ಕೈಲಿ ಆಗಲಿಲ್ಲ.

“ಕೊಳಲಲ್ಲ ಕಣೋ!” ಅಂತ ಅವನ ಎಡಗಿವಿಗೆ ಬಾಯಿಟ್ಟು ಕೂಗಿದೆ. “ಹೆಂಗಸು! ಬಾಯಿ ಮುಚ್ಕೊಂಡು ಗುನುಗ್ತಿದ್ದಾಳೆ! ಈಗ ಮೇಲೆ ಹೋದ್ಲು… ಅಲ್ಲೇ ನಿಂತಿದ್ದಾಳೆ… ಇನ್ನೂ ನಿಂತಿದ್ದಾಳೆ… ಈಗ ಮೆಲ್ಲಗೆ ಇಳೀತಿದ್ದಾಳೆ…” ಅವನ ಅಂಗೈ ಬಿಡಿಸಿ ಅದರ ಮೇಲೆ ಬೆರಳಿನಿಂದ ತಟ್ಟಿ ತಟ್ಟಿ ತೋರಿಸಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಹೀಗೆ ಕೂಗುತ್ತಾ ಕೂಗುತ್ತಾ ನನಗೆ ಥಟ್ಟನೆ ಗೊತ್ತಾಯಿತು, ಈ ಗುನುಗು ನಾನು ಮೊದಲ ಸಲ ಕೇಳುತ್ತಿರುವುದಲ್ಲ. ಇಪ್ಪತ್ತಾರು ವರ್ಷದಿಂದ ಪ್ರತಿ ಶುಕ್ರವಾರ, ನಾನು ಕೊಳಲು ಕೊಳಲು ಅಂತ ಅರಚುವಾಗೆಲ್ಲ, ನನ್ನ ಬೆನ್ನ ಹಿಂದೆ ಕೇಳುತ್ತಿದ್ದದ್ದು ಇದೇ.

ತಟ್ಟೆ ಕೊನೆ ಮುಟ್ಟುವ ಮೊದಲೇ ಹೊರಗೆ ಗುಲ್ಲೆದ್ದಿತು. “ಫಾಲಾಕ್ಷಂದು ಆಗಿರ್ಲಿಲ್ಲ! ಅವನಿಗೆ ಕೇಳಿಸ್ತಿದೆ ನೋಡ್ರೋ!” ಅಂತ ಹೊನ್ನಪ್ಪನವರು ಸರಳು ಹಿಡಿದು ಕೂಗಿದರು.

“ಆಗಿರ್ಲಿಲ್ಲ” ಅಂದಳು ರತ್ನಾವತಿ ನೆಮ್ಮದಿಯಾಗಿ. “ಆವತ್ತು ಅವ್ರು ನಮ್ಮನೇಲಿ ಉಪ್ಪಿಟ್ಟು ತಿಂತಿದ್ರು. ಎರಡು ಸಲ ಹಾಕಿಸ್ಕೊಂಡ್ರು.”

ಸಂಘದ ಶಿಕ್ಷೆ ಅಲ್ಲೇ ಆಯಿತು. ಒಂದು ವರ್ಷ ಅಟ್ಟದ ಬಾಗಿಲ ಹತ್ತಿರ ಕೂರಬೇಕು, ತುಟಿ ಬಿಚ್ಚಬಾರದು. ಬಾಯಿಗೆ ಕೆಲಸವಿಲ್ಲದೆ ಕೈ ಕಡಿಯುತ್ತಿದೆ, ಅದಕ್ಕೇ ಇದನ್ನೆಲ್ಲ ಬರೆಯುತ್ತಾ ಕೂತಿರುವುದು. ಆದರೆ ಆ ಹೊತ್ತಿಗೆ ನನಗೆ ಶಿಕ್ಷೆಯ ಯೋಚನೆಯೇ ಇರಲಿಲ್ಲ. ಬಾಗಿಲಿಗೆ ಬಂದೆ.

“ಕೊಳಲು ಇಲ್ಲ. ಯಾವತ್ತೂ ಇರ್ಲಿಲ್ಲ. ನಾನೇ ಹುಟ್ಟಿಸಿದ್ದು” ಅಂದೆ.

“ಏನು ಮಾತು ಅಂತ ಆಡ್ತೀಯಯ್ಯಾ?” ಹೊನ್ನಪ್ಪನವರಿಗೆ ನಿಜವಾಗಿ ಸಿಟ್ಟು ಬಂತು. “ನಾನೇ ಕೇಳಿದೀನಿ ಕೊಳಲು! ಈ ಎರಡು ಕಿವಿಯಾರೆ!”

ನಾನು ಟೀಚರ ಕಡೆ ತಿರುಗಿದೆ. “ಟೀಚರ್, ಅದು ನಿಮ್ಮ ದನಿ” ಅಂದೆ.

ಎಸ್ತರ್ ಟೀಚರ್ ತುಟಿಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ರವಿಕೆಗೆ ಚುಚ್ಚಿದರು. ನಾಲ್ಕೂ ತೆಗೆಯುವವರೆಗೆ ನಾವೆಲ್ಲ ಕಾದೆವು.

“ಕವರಿನ ಹಿಂದೆ ಹೆಸರು ಹಾಕ್ತೀನಿ ಅಂದಿದ್ದ ತಿಪ್ಪೇಸ್ವಾಮಿ” ಅಂದರು. “ಹಪ್ಪಳ ಬಂತು.”

“ಆಮೇಲಾದ್ರೂ ಹೇಳ್ಬಾರ್ದಿತ್ತಾ? ಇಪ್ಪತ್ತಾರು ವರ್ಷ! ಕೊಳಲಲ್ಲ ಕಣಪ್ಪಾ, ಅದು ನಾನು ಅಂತ ಒಂದು ಮಾತು?”

“ಹೇಳಿದ್ರೆ ನೀವು ವಾದ ಮಾಡ್ತಿದ್ರಿ.”

ನಿಜ, ಮಾಡುತ್ತಿದ್ದೆ. ಅವರ ದನಿ ಅವರದಲ್ಲ ಅಂತ ಸಾಧಿಸಿಯೂ ಬಿಡುತ್ತಿದ್ದೆ, ಹೊನ್ನಪ್ಪನವರು ಕಣ್ಣು ಮುಚ್ಚಿ ಹೌದು ಅನ್ನುತ್ತಿದ್ದರು.

ಒಳಗಿಂದ ಜಿನದತ್ತ ಕೂಗಿದ. “ಏನಂತೋ? ಯಾರಂತೆ ಆ ಹೆಂಗಸು?” ಹೋಗಿ ಅವನ ಕಿವಿಗೆ ಹೇಳಿದೆ. ಅವನು ಬಾಯಿ ತೆರೆದುಕೊಂಡು ಟೀಚರನ್ನೇ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, “ಹೆಂಗಿತ್ತೋ? ಒಂಚೂರು ಗುನುಗಿ ತೋರ್ಸೋ” ಅಂದ. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಕಿಟಕಿಯಿಂದ ನಾಲ್ಕು ಜನ ಒಟ್ಟಿಗೆ ‘ನಿಲ್ಸೋ ಮಾರಾಯ’ ಅಂದರು.

ಎಸ್ತರ್ ಟೀಚರ್ ರವಿಕೆಯನ್ನು ಮೇಜಿನ ಮೇಲಿಟ್ಟು ಒಳಗೆ ಬಂದರು. ಸ್ಟೂಲನ್ನು ಜಿನದತ್ತನ ಎಡಪಕ್ಕಕ್ಕೆ ಎಳೆದುಕೊಂಡು ಕೂತು, ಅವನ ಕಿವಿಗೆ ತೀರ ಹತ್ತಿರ ಬಾಗಿ, ಗುನುಗಿದರು. ಮೇಲೆ ಹೋದರು, ಅಲ್ಲೇ ನಿಂತರು, ಮೆಲ್ಲಗೆ ಇಳಿದರು. ದನಿ ಸ್ವಲ್ಪ ಒಡೆದಿತ್ತು, ಇಪ್ಪತ್ತಾರು ವರ್ಷ ಆಗಿದೆಯಲ್ಲ. ಆದರೆ ಬಾಯಿಂದ ಬಂದದ್ದು ತಾನೇ, ಕಿಟಕಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಹೊನ್ನಪ್ಪನವರು ಕಣ್ಣು ಮುಚ್ಚಲಿಲ್ಲ. ಜಿನದತ್ತ ಮುಚ್ಚಿದ್ದ. ಅವನ ಕೈ ಮೊಣಕಾಲಿನ ಮೇಲೆ ಅಲ್ಲಾಡದೆ ಬಿದ್ದಿತ್ತು.

ಮುಗಿದ ಮೇಲೆ ಕಣ್ಣು ಬಿಟ್ಟು ನನಗೆ ಹೇಳಿದ. “ಸೈಡ್ ಎರಡೇ ಮೇಲು ಕಣೋ.”

“ಇಲ್ಲ ಕಣೋ” ಅಂದೆ ನಾನು. “ಸೈಡ್ ಒಂದು. ಆ ಡ್ರಮ್ಮಿನ ಮುಂದೆ…”

“ನಿಂಗೇನು ಗೊತ್ತು ಡ್ರಮ್ಮಿನ ವಿಷಯ? ಈ ದನಿ ಇರೋ ಸೈಡು…”

“ಲೇ, ಇವತ್ತಿನವರೆಗೂ ನೀನೇ ತಾನೆ…”

“ಮುಗೀತಾ?” ಅಂದರು ಎಸ್ತರ್ ಟೀಚರ್, ಅವನ ಕಿವಿಯ ಹತ್ತಿರವೇ.

ಜಿನದತ್ತ ತಲೆ ಅಲ್ಲಾಡಿಸಿದ. ಎಡಗಿವಿಯ ಹಿಂದೆ ಮತ್ತೆ ಅಂಗೈ ಇಟ್ಟುಕೊಂಡ.

“ಇಲ್ಲ ಟೀಚರ್” ಅಂದ. “ಇನ್ನೊಂದ್ಸಲ.”